ನಾರ್ವೆಯ ಚಳಿಗೆ ಭಾವ ಬೆಳೆಸಿದ ಸೂಟು

ಗಂಗಾಧರ ಭಾವ ಬಚ್ಚಲಿನ ತಾಮ್ರದ ಹಂಡೆಯನ್ನು ಚಾವಡಿಯ ನಡುವೆ ತಂದಿಟ್ಟರು. ಅದರ ಮೇಲೆ ಅಕ್ಕನ ಒಳ್ಳೆಯ ಬೆಡ್‌ಶೀಟ್ ಹೊದೆಸಿ, ಅಕ್ಕನನ್ನೂ ನನ್ನನ್ನೂ ಎರಡು ಕುರ್ಚಿಯಲ್ಲಿ ಕೂರಿಸಿದರು. ಕೂತವರು ನಾವಿಬ್ಬರೇ ಆದರೂ ಅವರು ಗಂಟಲು ಸರಿಮಾಡಿಕೊಂಡದ್ದು ತುಂಬಿದ ಸಭೆಗೆ ಕೇಳುವ ಹಾಗೆ.

"ಮನುಷ್ಯ ಇಷ್ಟು ಕಾಲ ಬಟ್ಟೆ ಹೊಲಿದ," ಎಂದರು. "ಇನ್ನು ಮುಂದೆ ಬೆಳೆಸ್ತಾನೆ."

"ಆ ಬೆಡ್‌ಶೀಟು ನಾನು ಮೊನ್ನೆ ತೊಳೆದದ್ದು," ಎಂದಳು ಅಕ್ಕ.

ಭಾವ ಅದನ್ನು ಕಿವಿಗೆ ಹಾಕಿಕೊಳ್ಳದೆ ಬೆಡ್‌ಶೀಟ್ ಎಳೆದರು. ಹಂಡೆಯೊಳಗೆ ಕೈಹಾಕಿ ಕಪ್ಪಗಿನದೊಂದನ್ನು ಎತ್ತಿ ಹಿಡಿದರು. ನೋಡಲು ಸೀದುಹೋದ ನೀರುದೋಸೆಯ ಹಾಗಿತ್ತು, ಅಷ್ಟೇ ತೆಳ್ಳಗೆ, ಅಷ್ಟೇ ದೊಡ್ಡದು. ಆದರೆ ದೋಸೆಯಾದರೆ ಅಲುಗಾಡುವುದಿಲ್ಲ. ಇದರ ಅಂಚು ಮೆಲ್ಲಗೆ ಮಡಚಿ ಬಿಚ್ಚುತ್ತಿತ್ತು.

"ಇದು ಚಂಚಲನ ವೆಟ್‌ಸೂಟ್," ಎಂದರು ಭಾವ.

"ಇದು ನನ್ನ ಮೊಣಕಾಲಿಗೂ ಸಾಕಾಗುದಿಲ್ಲ ಭಾವ," ಎಂದೆ ನಾನು.

"ಅವಸರ ಮಾಡಬೇಡ. ಅದಕ್ಕೆ ಚಳಿ ಆಗಬೇಕು, ಉಪ್ಪುನೀರು ಸಿಗಬೇಕು. ಈಗ ನೋಡು."

ಕ್ಯಾನಿನಲ್ಲಿ ತಂದಿದ್ದ ಕಡಲ ನೀರನ್ನು ಅದರ ಮೇಲೆ ಹೊಯ್ದು, ಮೂಲೆಯಲ್ಲಿದ್ದ ಅಕ್ಕನ ಕಡೆಯುವ ಕಲ್ಲಿನ ಮೇಲೆ ಹಾಸಿದರು. ಬೆಳಗಿನ ಹೊತ್ತು, ಕಲ್ಲು ತಣ್ಣಗಿತ್ತು. ಕಪ್ಪು ದೋಸೆ ಒಮ್ಮೆ ಮೈಮುರಿದ ಹಾಗೆ ಮಾಡಿತು. ಆಮೇಲೆ ನಿಧಾನಕ್ಕೆ ಹರಡಿ ಕಲ್ಲಿನ ಸುತ್ತ ಇಳಿಯಿತು, ಗುಂಡುಕಲ್ಲನ್ನು ಹತ್ತಿತು, ಕುತ್ತಿಗೆ ಎಂದು ಕರೆಯಬಹುದಾದ ಜಾಗದಲ್ಲಿ ಮರ್ಯಾದೆಯಿಂದ ನಿಂತಿತು. ಒಂದು ಸುಕ್ಕಿಲ್ಲ, ಒಂದು ಹೊಲಿಗೆಯಿಲ್ಲ. ನಮ್ಮ ಕಡೆಯುವ ಕಲ್ಲು ಅಷ್ಟು ಚೆಂದ ಕಂಡದ್ದು ನಾನು ನೋಡಿಲ್ಲ.

"ಒಳ್ಳೆದಾಯ್ತು," ಎಂದಳು ಅಕ್ಕ. "ಈಗ ತೆಗೀರಿ. ಅಕ್ಕಿ ನೆನೆಹಾಕಿದ್ದೇನೆ."

ಭಾವ ಎಳೆದರು. ನಾನೂ ಎಳೆದೆ. ಅದು ಬರಲಿಲ್ಲ. ಭಾವ ಹಣೆ ಒರೆಸಿಕೊಂಡು, "ಬಿಸಿನೀರು ಹೊಯ್ದರೆ ಬಿಡ್ತದೆ," ಎಂದರು. ಹೌದು, ಬಿಸಿನೀರು ಬಿದ್ದ ಕೂಡಲೇ ಅದು ತೆಳ್ಳಗಾಗಿ ಜಾರಿ ಕೆಳಗೆ ಬಿತ್ತು. ಆದರೆ ನೀರು ಕಾಯಿಸುವ ಹಂಡೆಯಲ್ಲಿ ಸೂಟು ಬೆಳೆಸಿದ ಲೋಳೆ ಇನ್ನೂ ಇದ್ದದ್ದರಿಂದ ಗ್ಯಾಸಿನ ಮೇಲೆ ಪಾತ್ರೆ ಪಾತ್ರೆಯಾಗಿ ಕಾಯಿಸಬೇಕಾಯಿತು. ಆವತ್ತು ನಮಗೆ ದೋಸೆ ಮಧ್ಯಾಹ್ನಕ್ಕೆ ಸಿಕ್ಕಿತು.

ಈಗ ನಾನು ಯಾರು, ತಣ್ಣನೆಯ ಕಡಲಿಗೆ ಇಳಿಯುವವರು ತೊಡುವ ವೆಟ್‌ಸೂಟ್ ನನಗೆ ಯಾಕೆ ಅಂತ ಹೇಳಬೇಕು. ನನ್ನ ಹೆಸರು ಚಂಚಲಾಕ್ಷಿ. ಅಕ್ಕ ಹರಿಣಾಕ್ಷಿ. ನಮ್ಮ ಅಪ್ಪನಿಗೆ ಕಣ್ಣಿನ ಮೇಲೆ ಹೆಸರಿಡುವ ಹುಚ್ಚು. ಊರು ಪಡುಕೋಡಿ, ಮುಲ್ಕಿ ದಾಟಿ ಉಡುಪಿ ಕಡೆ ಹೋಗುವಾಗ ಎಡಗಡೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಅಲ್ಲಿ ನಾನು ಬಂದವರಿಗೆಲ್ಲ ಸರ್ಫಿಂಗ್ ಕಲಿಸುತ್ತೇನೆ, ಅಂದರೆ ಬೋರ್ಡಿನ ಮೇಲೆ ನಿಂತು ಅಲೆಯ ಜೊತೆ ದಡಕ್ಕೆ ಬರುವುದನ್ನು. ನಲ್ವತ್ತು ದಾಟಿದೆ, ಮದುವೆ ಆಗಿಲ್ಲ, ಅಕ್ಕನ ಮನೆಯ ಪಕ್ಕದಲ್ಲೇ ನನ್ನ ಮನೆ.

ಒಂದು ವರ್ಷ ನಾರ್ವೆಯಿಂದ ಆಸ್ಟ್ರಿಡ್ ಎಂಬ ಹೆಂಗಸು ಬಂದಿದ್ದಳು. ನನ್ನ ಜೊತೆ ಅಲೆ ಹತ್ತಿದಳು, ಅಕ್ಕನ ಹತ್ತಿರ ಬಂಗುಡೆ ಮೀನಿನ ಪುಳಿಮುಂಚಿ ಮಾಡಲು ಕಲಿತಳು. ಹೋಗುವಾಗ, "ನಿನ್ನ ಕಡಲನ್ನು ನಾನು ನೋಡಿದೆ, ನನ್ನ ಕಡಲನ್ನು ನೀನು ನೋಡಬೇಕು," ಎಂದಳು. ಅವಳ ಊರಿನಲ್ಲಿ ನಲ್ವತ್ತು ದಾಟಿದ ಹೆಂಗಸರದ್ದೇ ಒಂದು ಸರ್ಫಿಂಗ್ ಕೂಟ ಉಂಟಂತೆ. ಮರಳಿನ ಮೇಲೆ ಹಿಮ ಬಿದ್ದಿರುತ್ತದಂತೆ, ನೀರು ಫ್ರಿಜ್ಜಿನ ನೀರಿನ ಹಾಗಂತೆ. ಫೋಟೋದಲ್ಲಿ ಅಲೆಗಳು ಹಸಿರು ಗಾಜಿನ ಹಾಗೆ ಕಾಣುತ್ತಿದ್ದವು. ನಾನು ಹುಟ್ಟಿದಲ್ಲಿಂದ ಬೆಚ್ಚಗಿನ ಕಡಲನ್ನು ಮಾತ್ರ ಕಂಡವಳು. ಆ ಫೋಟೋ ನೋಡಿದ ಮೇಲೆ ನನಗೆ ಬೇರೆ ಯೋಚನೆ ಬರಲಿಲ್ಲ.

ಒಂದೇ ಶರತ್ತು. "ಸೂಟು ಮೈಗೆ ಸರಿಯಾಗಿ ಕೂರದಿದ್ದರೆ ನಿನ್ನನ್ನು ನೀರಿಗೆ ಬಿಡುವುದಿಲ್ಲ. ನೀನು ಎಷ್ಟು ಚೆನ್ನಾಗಿ ಈಜಿದರೂ ಬಿಡುವುದಿಲ್ಲ," ಎಂದಿದ್ದಳು ಆಸ್ಟ್ರಿಡ್.

ವೆಟ್‌ಸೂಟಿನ ಗುಟ್ಟು ಇಷ್ಟೇ. ರಬ್ಬರಿಗೂ ಚರ್ಮಕ್ಕೂ ನಡುವೆ ಒಂದು ಚೂರು ನೀರು ಸೇರುತ್ತದೆ, ಮೈಯ ಬಿಸಿಗೆ ಆ ನೀರು ಬೆಚ್ಚಗಾಗುತ್ತದೆ, ಅದೇ ನಮ್ಮನ್ನು ಕಾಯುತ್ತದೆ. ಸೂಟು ಎಲ್ಲಾದರೂ ಸಡಿಲವಾದರೆ ಹೊಸ ತಣ್ಣೀರು ನುಗ್ಗಿ ಆ ಬಿಸಿಯನ್ನು ಕೊಂಡುಹೋಗುತ್ತದೆ. ನಾನು ಮೊದಲು ತರಿಸಿದ ಸೂಟು ಸೊಂಟಕ್ಕೆ ಸರಿ ಇತ್ತು, ಭುಜಕ್ಕೆ ಆಗಲಿಲ್ಲ. ದಿನವೂ ಅಲೆಗೆ ಎದುರು ಕೈ ಬೀಸುವವಳ ಭುಜ ಅದು. ಕೈ ಎತ್ತಲು ಹೋದರೆ ಉಸಿರು ನಿಲ್ಲುತ್ತಿತ್ತು. ಎರಡನೆಯದರಲ್ಲಿ ಭುಜ ಸರಿ ಕೂತಿತು, ಆದರೆ ಬೆನ್ನಿನ ಕೆಳಗೆ, ಸೊಂಟದ ಗುಳಿಯಲ್ಲಿ, ಒಂದು ಕೊಡಪಾನ ನೀರು ನಿಲ್ಲುತ್ತಿತ್ತು. ನೀರಿನಿಂದ ಎದ್ದು ನಡೆದರೆ ಕಾಲಿನ ಹತ್ತಿರ ಅದು ನಲ್ಲಿಯ ಹಾಗೆ ಸುರಿಯುತ್ತಿತ್ತು. ಮೂರನೆಯದನ್ನು ಹೆಂಗಸರದ್ದು ಎಂದು ಮಾರಿದ್ದರು. ಹಾಕಿ ನೋಡಿದರೆ ಗಂಡಸರ ಸೂಟಿಗೇ ಎರಡು ಗುಲಾಬಿ ಗೆರೆ ಎಳೆದಿದ್ದರು, ಅಷ್ಟೇ ವ್ಯತ್ಯಾಸ.

ಆಗ ಗಂಗಾಧರ ಭಾವ, "ಎಲ್ಲ ವಾಪಸ್ ಕಳಿಸು. ನಾನುಂಟಲ್ಲ," ಎಂದರು.

ಭಾವ ಹಡಗಿನ ಎಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದವರು. ಆಯುಷ್ಯದ ಮುಕ್ಕಾಲು ಭಾಗ ಪೈಪಿಗೂ ಪೈಪಿಗೂ ನಡುವೆ ರಬ್ಬರ್ ವಾಷರ್ ಕೂರಿಸಿದ್ದಾರೆ. ಈಗ ನಿವೃತ್ತಿ. ನಿವೃತ್ತರಾದ ಮೇಲೆ ಅವರು ಮೀನಿನ ಮುಳ್ಳು ತೆಗೆಯುವ ಯಂತ್ರ ಮಾಡಿದ್ದರು. ಅದು ಮುಳ್ಳನ್ನು ಬಹಳ ಶ್ರದ್ಧೆಯಿಂದ ತಟ್ಟೆಗೆ ಬಡಿಸಿ ಮೀನನ್ನು ಎಸೆಯುತ್ತಿತ್ತು. ಗಾಳಿಗೆ ತಾನೇ ತಿರುಗುವ ಕೊಡೆಯೊಂದನ್ನು ಮಾಡಿದ್ದರು. ಅದು ಈಗ ಎಲ್ಲಿ ಉಂಟೆಂದು ಯಾರಿಗೂ ಗೊತ್ತಿಲ್ಲ, ಕೊನೆಗೆ ಕಂಡವರು ಲಕ್ಷದ್ವೀಪದ ದಿಕ್ಕು ತೋರಿಸುತ್ತಾರೆ. ಆದರೂ ನಾನು ಬೇಡ ಎನ್ನಲಿಲ್ಲ. ಮೊದಲ ಸಲ ನಾನು ಬೋರ್ಡು ಹಿಡಿದು ಕಡಲಿಗೆ ಹೊರಟಾಗ, ಹೆಂಗಸು ಹೀಗೆ ಎಲ್ಲರೆದುರು ಹಲಗೆಯ ಮೇಲೆ ಮಲಗುವುದಾ ಅಂತ ಊರಿಡೀ ಗುಸುಗುಸು ಇತ್ತು. ಆಗ ಆ ಬೋರ್ಡಿನ ಇನ್ನೊಂದು ತುದಿ ಹಿಡಿದು, ಏನೂ ಹೇಳದೆ, ದಡದವರೆಗೆ ನನ್ನ ಜೊತೆ ನಡೆದವರು ಭಾವ. ಅಂಥವರು ಒಂದು ಸೂಟು ಬೆಳೆಸುತ್ತೇನೆ ಎಂದರೆ ಹೇಗೆ ಬೇಡ ಅನ್ನುವುದು?

ಅದನ್ನು ಯಾವುದರಿಂದ ಮಾಡಿದರು ಎಂದು ಪೂರ್ತಿ ಹೇಳಲಿಲ್ಲ. ಕಡಲ ಪಾಚಿ ಇತ್ತು, ಜೆಲ್ಲಿ ಮೀನಿನ ಲೋಳೆ ಇತ್ತು, ಹಡಗಿನ ಕಾಲದಿಂದ ಜೋಪಾನ ಮಾಡಿದ್ದ ಒಂದು ಬಾಟಲಿಯೂ ಇತ್ತು. ಹಂಡೆಯಲ್ಲಿ ಇವೆಲ್ಲ ಸೇರಿ ಜೀವ ಬಂದ ರಬ್ಬರ್ ಆಯಿತು. "ಚಳಿ ಆದರೆ ಉಪ್ಪುನೀರು ಕುಡಿದು ದಪ್ಪ ಆಗ್ತದೆ. ಬಿಸಿ ತಾಗಿದರೆ ತೆಳ್ಳಗೆ ಆಗ್ತದೆ. ಒಂದು ಸಲ ಮೈಯ ಅಳತೆ ಸಿಕ್ಕಿದರೆ ಮತ್ತೆ ಮರೆಯುದಿಲ್ಲ," ಎಂದರು.

"ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತುಂಟಾ?" ಎಂದು ಕೇಳಿದಳು ಅಕ್ಕ.

"ಚಳಿ ನಿಂತಲ್ಲಿ ಅದೂ ನಿಲ್ತದೆ."

"ನಾರ್ವೆಯಲ್ಲಿ ಚಳಿ ನಿಲ್ಲುದುಂಟಾ?"

ಭಾವ ಹಂಡೆ ತೊಳೆಯಲು ಹೋದರು.

ಮೊದಲ ಪರೀಕ್ಷೆ ನಮ್ಮ ಕಡಲಿನಲ್ಲೇ. ಜನವರಿಯ ಬೆಳಗ್ಗೆ, ಗಾಳಿಯಲ್ಲಿ ಸ್ವಲ್ಪ ಚಳಿ ಇತ್ತು. ನಾನು ಎಂದಿನ ಹಾಗೆ ಉದ್ದ ಕೈಯ ಟೀಶರ್ಟು, ಲೆಗ್ಗಿಂಗ್ಸ್ ಹಾಕಿ ಮರಳಿನ ಮೇಲೆ ನಿಂತೆ. ಸಾಮಾನ್ಯ ವೆಟ್‌ಸೂಟ್ ಹಾಕುವುದು ಒಂದು ಕುಸ್ತಿ. ಕಾಲಿಗೆ ಪ್ಲಾಸ್ಟಿಕ್ ಚೀಲದ ತೊಟ್ಟೆ ಕಟ್ಟಿ ಜಾರಿಸಬೇಕು, ಹಿಂದಿನಿಂದ ಒಬ್ಬರು ಎಳೆಯಬೇಕು, ಕೊನೆಗೆ ಇಬ್ಬರೂ ಜಗಳವಾಡಿ ಕೂರಬೇಕು. ಇದರಲ್ಲಿ ಅದೆಲ್ಲ ಇರಲಿಲ್ಲ. ಕಪ್ಪು ದೋಸೆಯ ಮೇಲೆ ಕಾಲಿಟ್ಟೆ. ಅದು ಬೆಕ್ಕಿನ ಮರಿಯ ಹಾಗೆ ಹತ್ತಿ ಬಂತು. ಮೊಣಕಾಲು, ಸೊಂಟ, ಭುಜ, ಕೈ, ಎಲ್ಲ ಮುಚ್ಚಿ ಕುತ್ತಿಗೆಯಲ್ಲಿ ನಿಂತಿತು. ಕೈ ಎತ್ತಿದೆ, ಕೈ ಎದ್ದಿತು. ಬಗ್ಗಿದೆ, ಬೆನ್ನಿನ ಗುಳಿಯಲ್ಲಿಯೂ ಅದು ನನ್ನದೇ ಚರ್ಮದ ಹಾಗೆ ಕೂತಿತ್ತು.

ಆವತ್ತು ನಾನು ಹಿಡಿದ ಅಲೆಯನ್ನು ಹೇಗೆ ಹೇಳುವುದೆಂದು ಗೊತ್ತಾಗುವುದಿಲ್ಲ. ಸೂಟು ಮೈಮೇಲೆ ಉಂಟೆಂದೇ ಮರೆತುಹೋಗಿತ್ತು. ಅಲೆ ಮುರಿಯದೆ ಉದ್ದಕ್ಕೆ ಬಂತು, ನಾನು ಅದರ ಹೆಗಲ ಮೇಲೆ ಕೂತ ಮಗುವಿನ ಹಾಗೆ ಬಂದೆ. ದಡದಲ್ಲಿ ಭಾವ ಎರಡೂ ಕೈ ಎತ್ತಿ ನಿಂತಿದ್ದರು. ಅವರ ಮುಖದಲ್ಲಿ ಆ ಖುಷಿ ನೋಡಿ ನನಗೆ ನಾರ್ವೆ ಹತ್ತಿರ ಬಂದ ಹಾಗಾಯಿತು.

ಅಕ್ಕ ನೈಟಿಯ ಮೇಲೆ ಟವೆಲ್ ಹೊದ್ದು, ಚಾದ ಫ್ಲಾಸ್ಕ್ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ಗಾಳಿಗೆ ನಡುಗುತ್ತಿದ್ದಳು. ನಾನು ಓಡಿ ಹೋಗಿ ಅವಳ ಕೈ ಹಿಡಿದೆ. ಕೈ ಐಸಿನ ಹಾಗಿತ್ತು.

ಅದು ಸೂಟಿಗೂ ಗೊತ್ತಾಯಿತು.

ನನ್ನ ಮಣಿಗಂಟಿನ ಹತ್ತಿರ ನಿಂತಿದ್ದ ಕಪ್ಪು ಅಂಚು ಒಮ್ಮೆ ಮೂಸಿದ ಹಾಗೆ ಮಾಡಿ ಅಕ್ಕನ ಬೆರಳಿಗೆ ಹತ್ತಿತು. "ಎಂತ ಇದು ಚಂಚಲಾ?" ಎಂದು ಅಕ್ಕ ಕೈ ಎಳೆಯುವಷ್ಟರಲ್ಲಿ ಮೊಣಕೈ ಮುಚ್ಚಿ ಆಗಿತ್ತು. "ಅಕ್ಕ, ಅಲ್ಲಾಡಬೇಡ," ಎಂದು ಅವಳನ್ನು ಹಿಡಿದುಕೊಂಡೆ. ಅದೇ ತಪ್ಪಾಯಿತು. ಹಿಡಿದಷ್ಟೂ ಸೂಟಿಗೆ ದಾರಿ ಸುಲಭ. ನೈಟಿ, ಟವೆಲ್ಲು, ಫ್ಲಾಸ್ಕು ಸಮೇತ ಅಕ್ಕನನ್ನು ಒಳಗೆ ಸೇರಿಸಿಕೊಂಡು, ನಮ್ಮಿಬ್ಬರಿಗೂ ಒಂದೇ ಸೂಟಾಗಿ, ಎರಡು ಕುತ್ತಿಗೆಯ ಹತ್ತಿರ ಶಿಸ್ತಿನಿಂದ ನಿಂತಿತು.

"ಗಂಡಸೇ, ತೆಗೀರಿ ಇದನ್ನು," ಎಂದಳು ಅಕ್ಕ. ಅಕ್ಕ ಭಾವನನ್ನು ಹಾಗೆ ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

ಭಾವ ಸುತ್ತ ಒಂದು ಬಾರಿ ನಡೆದು ನೋಡಿದರು. "ಎಷ್ಟು ಚೆಂದ ಕೂತಿದೆ ನೋಡು. ಇಬ್ಬರಿಗೂ ಅಳತೆ ಮಾಡಿದ ಹಾಗೆ."

"ನೀರು ಕಾಯಿಸಿ."

"ಇಲ್ಲಿ ಎಲ್ಲಿಂದ ಕಾಯಿಸುದು? ಮನೆಗೆ ನಡೀರಿ."

ನಡೆದೆವು. ಅಕ್ಕನ ಎಡಗಾಲೂ ನನ್ನ ಬಲಗಾಲೂ ಒಂದೇ ಕಾಲು. ದಾರಿಯಲ್ಲಿ ಮೀನು ಒಣಗಿಸುವ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಒಬ್ಬಳು ಕೇಳಿದಳು, "ಹರಿಣಕ್ಕ, ನೀವೂ ಸರ್ಫಿಂಗ್ ಸುರು ಮಾಡಿದ್ದಾ?" ಅಕ್ಕ ಉತ್ತರ ಕೊಡಲಿಲ್ಲ. ಅಕ್ಕ ಒಂದು ಪ್ರಶ್ನೆಗೆ ಉತ್ತರ ಕೊಡದ್ದು ಕೂಡ ಅದೇ ಮೊದಲು.

ಭಾವ ಅಡುಗೆಮನೆಯಲ್ಲಿ ನೀರು ಇಟ್ಟರು. ಇಬ್ಬರಿಗೆ ಬೇಕಾದಷ್ಟು ಕಾಯಲು ಹೊತ್ತು ಹಿಡಿಯಿತು. ಕೂರಲು ಆಗುವುದಿಲ್ಲ, ಹಾಗಾಗಿ ನಾವು ಅಂಗಳದಲ್ಲಿ ಬಾವಿಕಟ್ಟೆಗೆ ಒರಗಿ ನಿಂತೆವು. ನಮ್ಮಿಬ್ಬರ ನಡುವೆ ಗಾಳಿ ಹೋಗುವಷ್ಟೂ ಜಾಗ ಇರಲಿಲ್ಲ. ಅಕ್ಕನ ಎದೆ ಜೋರಾಗಿ ಬಡಿಯುತ್ತಿರುವುದು ನನಗೆ ಗೊತ್ತಾಗುತ್ತಿತ್ತು.

"ಹೆದರಿಕೆ ಆಗ್ತದಾ ಅಕ್ಕ? ಈಗ ಬಿಡ್ತದೆ ಇದು."

"ಇದಕ್ಕೆ ಯಾರು ಹೆದರುದು," ಎಂದಳು. ಆಮೇಲೆ ಮೆಲ್ಲಗೆ, "ನೀನು ಹೋಗ್ಲೇಬೇಕಾ?" ಎಂದಳು.

"ನಾರ್ವೆಗಾ?"

"ಮತ್ತೆ ಪಡುಬಿದ್ರಿಗಾ? ಅಷ್ಟು ತಣ್ಣೀರಲ್ಲಿ ಕೈಕಾಲು ಹಿಡಿದುಕೊಂಡರೆ ನಿನ್ನನ್ನು ಎತ್ತಲು ಅಲ್ಲಿ ಯಾರುಂಟು?"

"ಇಲ್ಲಿಯೂ ನೀನು ಎತ್ತುದಿಲ್ಲ ಅಕ್ಕ. ನೀನು ದಡದಲ್ಲಿ ನಿಂತು ಬೈಯುದು."

"ಬೈಯುದು ಅಂದ್ರೆ ಹಿಡಿದುಕೊಂಡ ಹಾಗೇ," ಎಂದಳು ಅಕ್ಕ.

ಟಿಕೆಟ್ ಆದ ದಿನದಿಂದ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲವಂತೆ. ಅದನ್ನು ಎದುರೆದುರು ಕೂತಿದ್ದರೆ ಅವಳು ಯಾವತ್ತೂ ಹೇಳುತ್ತಿರಲಿಲ್ಲ. ಮುಖ ನೋಡಿಕೊಳ್ಳಲು ಆಗದ ಹಾಗೆ ಇಬ್ಬರನ್ನೂ ಒಂದೇ ದಿಕ್ಕಿಗೆ ಅಂಟಿಸಿದ್ದರಿಂದ ಹೇಳಿದಳು. ಭಾವ ಬಿಸಿನೀರು ತರುವ ಹೊತ್ತಿಗೆ ಅವಳು, "ಹೋಗು. ಹೋಗಬೇಡ ಅಂತ ನಾನು ಹೇಳುದಿಲ್ಲ. ಆದರೆ ಈ ಭೂತವನ್ನು ಹಾಕಿಕೊಂಡು ಹೋಗಬೇಡ," ಎಂದಿದ್ದಳು.

ಸೂಟು ಬಿಟ್ಟಿತು. ಭಾವನ ಮುಖ ಮಾತ್ರ ಸಣ್ಣದಾಯಿತು.

"ಇದು ದೋಷ ಅಲ್ಲ ಹರಿಣೀ," ಎಂದರು. "ಅದಕ್ಕೆ ಕರುಣೆ ಸ್ವಲ್ಪ ಜಾಸ್ತಿ ಆಗಿದೆ. ಚಳಿಯಲ್ಲಿ ಯಾರನ್ನು ಕಂಡರೂ ಹೊದೆಸ್ತದೆ. ಅಷ್ಟೇ."

"ಕರುಣೆಗೆ ನನ್ನ ಟವೆಲ್ಲು ಹಾಳಾಯ್ತು."

"ಇದು ಬೆಚ್ಚಗಿನ ಕಡಲು. ನಿಜವಾದ ಚಳಿಯಲ್ಲಿ ಒಂದು ಸಲ ನೋಡುವ. ಒಂದೇ ಸಲ. ಅಲ್ಲಿಯೂ ಸರಿ ಆಗದಿದ್ದರೆ ನಾನೇ ಇದನ್ನು ಕುದಿಯುವ ನೀರಿಗೆ ಹಾಕ್ತೇನೆ."

ಪಡುಕೋಡಿಯಲ್ಲಿ ನಿಜವಾದ ಚಳಿ ಒಂದೇ ಕಡೆ ಸಿಗುವುದು, ಬಂದರಿನ ಪಕ್ಕ ಮೊಯ್ದೀನಾಕನ ಐಸ್ ಪ್ಲಾಂಟಿನಲ್ಲಿ. ದೋಣಿಗಳಿಗೆ ಮೀನು ಕೆಡದ ಹಾಗೆ ಐಸ್ ಕೊಡುವುದು ಅವರು. ದೊಡ್ಡ ಶೆಡ್ಡು, ನೆಲದಲ್ಲಿ ಉಪ್ಪುನೀರಿನ ತೊಟ್ಟಿ, ಅದರ ಮೇಲೆ ಮರದ ಮುಚ್ಚಳಗಳು. ಆ ಉಪ್ಪುನೀರು ಐಸಿಗಿಂತಲೂ ತಣ್ಣಗೆ, ಆದರೂ ಗಟ್ಟಿಯಾಗುವುದಿಲ್ಲ. ಸಿಹಿನೀರು ತುಂಬಿದ ಡಬ್ಬಗಳನ್ನು ಅದರಲ್ಲಿ ಇಳಿಸಿದರೆ ಮಾರನೆಯ ದಿನಕ್ಕೆ ಐಸಿನ ದಿಮ್ಮಿ. ಹಳೆಯ ಕಂಪ್ರೆಸರ್ ಒಂದು ಮೂಲೆಯಲ್ಲಿ ಹಗಲಿರುಳು ಕೆಮ್ಮುತ್ತಿತ್ತು. ಮೊಯ್ದೀನಾಕ ಅದರ ಪಕ್ಕ ಕೂತು, ಅದು ಯಾವಾಗ ನಿಲ್ಲುತ್ತದೋ ಎಂದು ಕೇಳಿಸಿಕೊಳ್ಳುತ್ತಿದ್ದರು.

"ಗಂಗಣ್ಣ, ನನ್ನ ಪ್ಲಾಂಟಿಗೆ ಏನೂ ಆಗುದಿಲ್ಲ ಅಲ್ವಾ?" ಎಂದು ಕೇಳಿದರು.

"ಸೂಟು ಚಂಚಲನ ಮೈಮೇಲೆ ಇರುದು. ಪ್ಲಾಂಟಿಗೆ ಎಂತ ಆಗುದು?"

"ಆಗಲಿ, ನೋಡುವ," ಎಂದರು ಮೊಯ್ದೀನಾಕ. ಅವರು ಮಗಳ ಮದುವೆಗೂ ಹಾಗೇ ಒಪ್ಪಿದ್ದಂತೆ.

ಅಕ್ಕನೂ ಬಂದಳು. ಬೇಡ ಎಂದರೂ ಬಂದಳು, ಹೊಸ ಫ್ಲಾಸ್ಕು ಹಿಡಿದುಕೊಂಡು. ಸೂಟಿನಿಂದ ದೂರ, ಬಾಗಿಲಿನ ಹತ್ತಿರ ನಿಂತಳು.

ಮೀನು ತುಂಬುವ ದೊಡ್ಡ ಫೈಬರ್ ತೊಟ್ಟಿಗೆ ಕಡಲ ನೀರು ಹಾಕಿ, ಮೇಲಿನಿಂದ ಪುಡಿ ಐಸ್ ಸುರಿದರು. ನಾನು ಸೂಟು ಹಾಕಿ ಅದರೊಳಗೆ ಇಳಿದೆ. ಒಂದು ಕ್ಷಣ ಪಾದದಿಂದ ನೆತ್ತಿಯವರೆಗೆ ಚುಚ್ಚಿತು. ಆಮೇಲೆ ಸೂಟು ನೀರು ಕುಡಿಯುವುದು ಕೇಳಿಸಿತು, ಸಣ್ಣ ಮಗು ಹಾಲು ಕುಡಿಯುವ ಹಾಗೆ. ಮೈ ಬೆಚ್ಚಗಾಯಿತು.

"ಹೇಗುಂಟು?" ಎಂದರು ಭಾವ.

"ಒಳ್ಳೆದುಂಟು ಭಾವ. ಹಾಸಿಗೆಯಲ್ಲಿ ಇದ್ದ ಹಾಗೆ ಉಂಟು."

ಭಾವ ಅಕ್ಕನ ಕಡೆ ತಿರುಗಿ ನೋಡಿದರು. ಅಕ್ಕ ತಲೆಯೆತ್ತಿ ಶೆಡ್ಡಿನ ಮಾಡಿನ ಕಡೆ ನೋಡಿದಳು.

"ಭಾವ, ನನ್ನ ಕೈ ಕೆಳಗೆ ಹೋಗುದಿಲ್ಲ," ಎಂದೆ ಸ್ವಲ್ಪ ಹೊತ್ತಿನ ಮೇಲೆ.

ತೋಳು ದಪ್ಪಗಾಗಿ ದೇಹದಿಂದ ದೂರ ನಿಂತಿತ್ತು. ಕಾಲಿನ ಕಥೆಯೂ ಅದೇ. ಸೂಟಿಗೆ ನಾನು ಬೆಚ್ಚಗಾದದ್ದು ಗೊತ್ತಿತ್ತು, ಆದರೆ ಐಸು ಇನ್ನೂ ತಣ್ಣಗಿತ್ತಲ್ಲ. ಅದು ಐಸಿನ ಚಳಿಯನ್ನೂ ಹೋಗಲಾಡಿಸಲು ಹೊರಟಿತ್ತು. ತೊಟ್ಟಿಯ ನೀರೆಲ್ಲ ಕುಡಿದು ಮುಗಿಸಿತು. ನಾನು ಹುಳಿ ಬಂದ ಇಡ್ಲಿಹಿಟ್ಟಿನ ಹಾಗೆ ಉಬ್ಬಿ ತೊಟ್ಟಿಯಿಂದ ಮೇಲೆ ಬರತೊಡಗಿದೆ.

"ನಿಲ್ಲಿಸಿ ಇದನ್ನು," ಎಂದಳು ಅಕ್ಕ.

"ನಿಲ್ಲಿಸಲು ಸ್ವಿಚ್ ಇಲ್ಲ. ಇದು ಮಿಕ್ಸಿ ಅಲ್ಲ," ಎಂದರು ಭಾವ.

ಅಷ್ಟರಲ್ಲಿ ತೊಟ್ಟಿ ವಾಲಿ, ನಾನು ಹೊರಗೆ ಬಿದ್ದೆ. ಬಿದ್ದದ್ದು ನೋವಾಗಲಿಲ್ಲ, ಅಷ್ಟು ಮೆತ್ತಗಿತ್ತು. ಆದರೆ ನಾನೀಗ ಒಂದು ದೊಡ್ಡ ಕಲ್ಲಂಗಡಿ. ಮೇಲೆ ತಲೆ ಮಾತ್ರ ಕಾಣುತ್ತಿತ್ತು. ಐಸ್ ಪ್ಲಾಂಟಿನ ನೆಲ ನೀರು ಹರಿದುಹೋಗಲೆಂದು ಇಳಿಜಾರಾಗಿ ಮಾಡಿದ್ದು. ಉರುಳಿದೆ. ಮಾಡು, ಮೊಯ್ದೀನಾಕ, ನೆಲ, ಮತ್ತೆ ಮಾಡು, ಮತ್ತೆ ಮೊಯ್ದೀನಾಕ. ಹಾಗೆ ಉರುಳುತ್ತಾ ಹೋಗಿ ಐಸ್ ಹಾಕಿಟ್ಟ ಬಂಗುಡೆಯ ಬುಟ್ಟಿಗಳಿಗೆ ಢಿಕ್ಕಿ ಹೊಡೆದು ನಿಂತೆ.

ಬಂಗುಡೆಗಳಿಗೂ ಚಳಿಯಾಗುತ್ತಿತ್ತು.

ಸೂಟಿನಿಂದ ಸಣ್ಣ ಸಣ್ಣ ಕೈಗಳು ಹೊರಟವು. ಒಂದೊಂದು ಮೀನನ್ನೂ ಹುಡುಕಿ, ಬಾಲದಿಂದ ತಲೆಯವರೆಗೆ ಮುಚ್ಚಿ, ಕಿವಿರಿನ ಹತ್ತಿರ ಅಂದವಾಗಿ ನಿಂತವು. ನೋಡನೋಡುತ್ತಾ ಬುಟ್ಟಿಯ ತುಂಬ ಕಪ್ಪು ಅಂಗಿ ತೊಟ್ಟ ಬಂಗುಡೆಗಳು ಮಲಗಿದ್ದವು, ಶಾಲೆಗೆ ಹೊರಟ ಮಕ್ಕಳ ಹಾಗೆ.

"ಗಂಗಣ್ಣ," ಎಂದರು ಮೊಯ್ದೀನಾಕ ಬಹಳ ಶಾಂತವಾಗಿ, "ನನ್ನ ಮೀನಿಗೆ ಎಂತ ಹಾಕಿದ್ದೀರಿ?"

ಸೂಟು ಈಗ ನನ್ನ ಗಲ್ಲದವರೆಗೆ ಬಂದಿತ್ತು. ಮುಖಕ್ಕೂ ಚಳಿಯಾಗುತ್ತದೆ ಎಂದು ಅದಕ್ಕೆ ಆಗ ಹೊಳೆದಿರಬೇಕು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. "ಅಕ್ಕ," ಎಂದೆ. ಅಷ್ಟೇ ಹೇಳಿದ್ದು.

ಅಕ್ಕ ಬಾಗಿಲಿನಿಂದ ಓಡಿಬಂದಳು. ಅಂಟಿಕೊಳ್ಳುತ್ತದೆ ಎಂದು ಗೊತ್ತಿದ್ದೂ ಬಂದಳು. ಫ್ಲಾಸ್ಕಿನ ಬಿರಡೆ ತೆಗೆದು, ನನ್ನ ಕುತ್ತಿಗೆಯ ಸುತ್ತ ಬಿಸಿ ಚಾ ಸುರಿದಳು. ರಬ್ಬರ್ ಅಷ್ಟು ದಪ್ಪವಿದ್ದ ಕಾರಣ ನನಗೆ ಸುಡಲಿಲ್ಲ. ಕುತ್ತಿಗೆ ಸಡಿಲವಾಗಿ ಬಾಯಿ ತೆರೆಯಿತು. ಅಕ್ಕ ಕಂಕುಳಿಗೆ ಕೈಹಾಕಿ ಎಳೆದಳು, ಭಾವ ಅಕ್ಕನನ್ನು ಎಳೆದರು, ಮೊಯ್ದೀನಾಕ ಭಾವನನ್ನು ಎಳೆದರು. ನಾನು ಬಾಳೆಹಣ್ಣು ಸಿಪ್ಪೆಯಿಂದ ಬಂದ ಹಾಗೆ ಹೊರಬಂದು ಮೂವರ ಮೇಲೂ ಬಿದ್ದೆ.

ಅಕ್ಕ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ಬೈಯತೊಡಗಿದಳು. ನನ್ನನ್ನು, ಭಾವನನ್ನು, ಆಸ್ಟ್ರಿಡ್‌ಳನ್ನು, ನಾರ್ವೆಯ ಸರ್ಕಾರವನ್ನು.

ಖಾಲಿಯಾದ ಸೂಟು ನೆಲದ ಮೇಲೆ ಸ್ವಲ್ಪ ಹೊತ್ತು ಬಿದ್ದುಕೊಂಡಿತ್ತು. ಆಮೇಲೆ ಒಂದು ತೋಳು ಎತ್ತಿ ಆಚೆ ಈಚೆ ಹುಡುಕಿತು. ಆ ಶೆಡ್ಡಿನಲ್ಲಿ ಎಲ್ಲಕ್ಕಿಂತ ತಣ್ಣಗಿನದು ಯಾವುದು, ಎಲ್ಲಕ್ಕಿಂತ ಉಪ್ಪಿನದು ಯಾವುದು ಎಂದು ಅದಕ್ಕೆ ಗೊತ್ತಾಯಿತು. ಮೆಲ್ಲಗೆ ತೆವಳಿ ಹೋಗಿ, ಮರದ ಮುಚ್ಚಳದ ಸಂದಿಯಿಂದ ನೆಲದ ತೊಟ್ಟಿಯೊಳಗೆ ಇಳಿಯಿತು. ಗುಳುಂ ಎಂದು ಒಂದು ಸದ್ದು. ಮತ್ತೆ ಕುಡಿಯುವ ಸದ್ದು, ಈ ಸಲ ಮಗುವಿನದಲ್ಲ, ಆನೆಯದು.

ಮೊಯ್ದೀನಾಕ ನಮ್ಮೆಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಅಂಗಿ ತೊಟ್ಟ ಬಂಗುಡೆಗಳನ್ನು ಬಿಸಿನೀರಿಗೆ ಅದ್ದಿ ಅಂಗಿ ಬಿಚ್ಚುವ ಕೆಲಸ ಭಾವನ ಪಾಲಿಗೆ ಬಂತು.

ಮಾರನೆಯ ದಿನ ಸೂಟು ತೊಟ್ಟಿಯನ್ನು ತುಂಬಿ ಗೋಡೆ ಹತ್ತಿತ್ತು. ಅದರ ಮರುದಿನ ಮಾಡು. ಅದನ್ನು ಬಿಡಿಸಬೇಕಾದರೆ ಒಂದು ಕಟ್ಟಡಕ್ಕೆ ಸ್ನಾನ ಮಾಡಿಸುವಷ್ಟು ಬಿಸಿನೀರು ಬೇಕು. ಅಷ್ಟು ಇಡೀ ತಾಲೂಕಿನಲ್ಲಿ ಇರಲಿಲ್ಲ.

ಭಾವ ಊಟ ಬಿಟ್ಟರು. ಹೊಳೆ ಕಡಲು ಸೇರುವ ಅಳಿವೆಬಾಗಿಲಿನಲ್ಲಿ ಹಾಕಿದ ಕಲ್ಲುಗಳ ಮೇಲೆ ಹೋಗಿ ಸುಮ್ಮನೆ ಕೂರುತ್ತಿದ್ದರು. ಒಂದು ಸಂಜೆ ನಾನು ಹೋಗಿ ಪಕ್ಕದಲ್ಲಿ ಕೂತೆ.

"ಒಂದು ಸೂಟು ಮಾಡಿಕೊಡಲು ನನ್ನಿಂದ ಆಗಲಿಲ್ಲ ಚಂಚಲಾ," ಎಂದರು. "ಆಯುಷ್ಯ ಇಡೀ ನೀರು ಸೋರದ ಹಾಗೆ ನೋಡಿಕೊಂಡವ ನಾನು."

"ಆವತ್ತು ಕಡಲಲ್ಲಿ ನಾನು ಹಿಡಿದ ಅಲೆ ನೋಡಿದಿರಲ್ಲ ಭಾವ?"

"ನೋಡಿದೆ."

"ಅಂಥಾದ್ದು ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಭುಜ ಹಿಡಿಯಲಿಲ್ಲ, ಬೆನ್ನಲ್ಲಿ ಒಂದು ಹನಿ ನೀರು ನಿಲ್ಲಲಿಲ್ಲ. ಸೂಟು ಅಂದ್ರೆ ಹೇಗಿರಬೇಕು ಅಂತ ನನಗೆ ಗೊತ್ತಾದದ್ದು ಆವತ್ತೇ. ಇನ್ನು ಅಂಗಡಿಯವನು ಎಂಥಾದ್ದು ಕೊಟ್ಟರೂ ತೆಗೆದುಕೊಳ್ಳುವವಳಲ್ಲ ನಾನು."

ಆವತ್ತು ರಾತ್ರಿ ಭಾವ ಊಟಕ್ಕೆ ಬಂದರು. ಅಕ್ಕ ಬಡಿಸುತ್ತಾ, "ಅಲ್ಲ, ಇಷ್ಟು ಸೂಟು ತರಿಸಿದಿಯಲ್ಲ, ಯಾರಾದ್ರೂ ನಿನ್ನ ಮೈಗೆ ಟೇಪು ಹಿಡಿದಿದ್ದಾರಾ?" ಎಂದಳು.

ನಾವು ಮುಖ ಮುಖ ನೋಡಿಕೊಂಡೆವು. ಯಾರೂ ಹಿಡಿದಿರಲಿಲ್ಲ. ನಾನು ಎತ್ತರವೂ ತೂಕವೂ ಹೇಳಿ, ಅವರು ಕಳಿಸಿದ್ದನ್ನು ಹಾಕಿಕೊಂಡು ಬೈದಿದ್ದೆ. ಭಾವ ನೇರ ಹಂಡೆಗೆ ಕೈಹಾಕಿದ್ದರು.

ಅಕ್ಕ ಹೊಲಿಗೆ ಪೆಟ್ಟಿಗೆಯಿಂದ ಟೇಪು ತಂದಳು. ಭುಜ, ಎದೆ, ಸೊಂಟ, ತೊಡೆ, ಕುತ್ತಿಗೆಯ ಬುಡದಿಂದ ಕಾಲಸಂದಿಯವರೆಗೆ ಮುಂಡದ ಉದ್ದ, ಎಲ್ಲ ಅಳೆದಳು. ಭಾವ ಕನ್ನಡಕ ಹಾಕಿ ಮತ್ತೊಮ್ಮೆ 'ಚೆಕ್' ಮಾಡಿದರು. ಗೊತ್ತಾದದ್ದೇನೆಂದರೆ, ನನ್ನ ಮುಂಡ ನನ್ನ ಎತ್ತರಕ್ಕೆ ಇರಬೇಕಾದ್ದಕ್ಕಿಂತ ಉದ್ದ. ಅದಕ್ಕೇ ಸಾಮಾನ್ಯ ಅಳತೆಯದು ಭುಜವನ್ನು ಕೆಳಗೆ ಜಗ್ಗುತ್ತಿತ್ತು, ದೊಡ್ಡದು ಬೆನ್ನಲ್ಲಿ ಜೋಲುತ್ತಿತ್ತು. ಆಸ್ಟ್ರಿಡ್‌ಗೆ ಹೇಳಿದೆವು. ಉದ್ದ ಮುಂಡದ ಹೆಂಗಸರಿಗೆಂದೇ ಬೇರೆ ಅಳತೆ ಉಂಟಂತೆ. ಎದೆ ಬೆನ್ನಿಗೆ ದಪ್ಪ, ಕೈಗೆ ಸ್ವಲ್ಪ ತೆಳ್ಳಗೆ, ಜಿಪ್ಪು ಬೆನ್ನಿಗಲ್ಲ ಎದೆಗೆ, ತಲೆಗೆ ಟೊಪ್ಪಿ ಸೇರಿಯೇ ಇರುವಂಥದು ಒಂದನ್ನು ಅವಳ ಊರಿನ ಅಂಗಡಿಯಲ್ಲಿ ತೆಗೆದಿಟ್ಟಳು. ಜೀವ ಇಲ್ಲದ, ಸಾದಾ ರಬ್ಬರಿನದು. ನೀರು ಕುಡಿಯುವುದಿಲ್ಲ ತಾನೇ ಎಂದು ಅಕ್ಕ ಫೋನಿನಲ್ಲಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ನಾರ್ವೆಯ ಕಡಲಿನಲ್ಲಿ ಮೊದಲ ಅಲೆ ತಲೆಯ ಮೇಲೆ ಬಿದ್ದಾಗ ಯಾರೋ ಹಣೆಗೆ ಸುತ್ತಿಗೆಯಿಂದ ಹೊಡೆದ ಹಾಗಾಯಿತು. ಎರಡನೆಯದಕ್ಕೆ ಹಲ್ಲು ಜುಮ್ಮೆಂದಿತು. ಬೋರ್ಡಿನ ಮೇಲೆ ಕೂತು ಕಾದೆ. ಎದುರಿನ ಗುಡ್ಡದಲ್ಲಿ ಹಿಮ, ಕೆಳಗೆ ಆ ಹಸಿರು ಗಾಜು. ಮೈ ಬೆಚ್ಚಗಿತ್ತು. ಅಲೆ ಬಂತು, ಎದ್ದು ನಿಂತೆ, ದಡದವರೆಗೆ ನಿಂತೇ ಬಂದೆ. ಸುತ್ತ ಇದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಎಲ್ಲ ಇತ್ತು, ದಡದಿಂದ ಬೈಗುಳ ಒಂದಿರಲಿಲ್ಲ. ಅದು ಸಂಜೆ ಫೋನಿನಲ್ಲಿ ಸಿಕ್ಕಿತು.

ವಾಪಸ್ ಬರುವಾಗ ಹೊಳೆಯ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಎಲ್ಲರೂ ಕಿಟಕಿಗೆ ಬಗ್ಗಿದರು, ನಾನೂ ಬಗ್ಗಿದೆ. ಬಂದರಿನ ಪಕ್ಕ, ತೆಂಗಿನಮರಗಳಿಗಿಂತ ಎತ್ತರಕ್ಕೆ, ಕಪ್ಪಗೆ ಏನೋ ನಿಂತಿತ್ತು. ಮೊದಲು ಟ್ಯಾಂಕಿ ಅಂದುಕೊಂಡೆ. ಆಮೇಲೆ ಭುಜ ಕಂಡಿತು. ಆಮೇಲೆ ಸೊಂಟ. ಐಸ್ ಪ್ಲಾಂಟಿಗೆ ತೊಡಿಸುವಾಗ ಸೂಟಿಗೆ ನೆನಪಿದ್ದದ್ದು ಒಂದೇ ಅಳತೆ, ನನ್ನದು. ಅದು ಕಟ್ಟಡವನ್ನು ನನ್ನ ಹಾಗೆ ಮಾಡಿತ್ತು. ತಲೆ ಮಾತ್ರ ಇರಲಿಲ್ಲ. ಆ ಜಾಗದಲ್ಲಿ ಚಿಮಣಿ ಇತ್ತು.

ಭಾವ ಬಸ್‌ಸ್ಟಾಂಡಿಗೆ ಬಂದಿದ್ದರು, ಹತ್ತು ವರ್ಷ ಚಿಕ್ಕವರಾದ ಹಾಗೆ ಕಾಣುತ್ತಿದ್ದರು. ಒಳಗಿನ ಚಳಿ ಒಂದು ಚೂರೂ ಹೊರಗೆ ಬರುವುದಿಲ್ಲವಂತೆ. ತುಂಬಿಟ್ಟ ಐಸು ಕರಗುವುದನ್ನೇ ಮರೆತಿದೆಯಂತೆ. ಕಂಪ್ರೆಸರ್ ಈಗ ಕೆಮ್ಮುವುದಿಲ್ಲ, ದಿನಕ್ಕೊಮ್ಮೆ ಎದ್ದು ಆಕಳಿಸಿ ಮಲಗುತ್ತದಂತೆ. ದೋಣಿಯವರು ದೂರದಿಂದ ಅದನ್ನೇ ಗುರುತಿಟ್ಟುಕೊಂಡು ಬರುತ್ತಾರೆ. ಚಂಚಲಕ್ಕನ ಎಡ ಭುಜ ನೋಡಿಕೊಂಡು ಬಂದರೆ ನೇರ ಅಳಿವೆಬಾಗಿಲು ಅಂತ ಅವರೊಳಗೆ ಲೆಕ್ಕವಂತೆ. ಸೂಟನ್ನು ತೆಗೆಯುವ ಮಾತೆತ್ತಿದರೆ ಮೊಯ್ದೀನಾಕ ಈಗ ಎದುರು ಮಾತಾಡುತ್ತಾರಂತೆ.

ನಾವು ಅಲ್ಲಿಗೆ ಹೋದಾಗ ಪಂಚಾಯತ್ ಕಚೇರಿಯಿಂದ ಒಬ್ಬರು ಸಾಹೇಬರು ಬಂದು, ಕತ್ತು ನೋಯುವಷ್ಟು ಮೇಲೆ ನೋಡುತ್ತಾ ನಿಂತಿದ್ದರು. ಒಂದೇ ಮಾಳಿಗೆಗೆ ಅನುಮತಿ ಇರುವಲ್ಲಿ ಇಷ್ಟು ಎತ್ತರ ಕಟ್ಟಿದ್ದು ಹೇಗೆ ಎಂದು ಅವರು ಮೊಯ್ದೀನಾಕನನ್ನು ಕೇಳುತ್ತಿದ್ದರು.

"ಇದು ಕಟ್ಟಿದ್ದಲ್ಲ ಸಾರ್, ತೊಟ್ಟದ್ದು," ಎಂದರು ಮೊಯ್ದೀನಾಕ. "ಉಡುಪಿ ಜಿಲ್ಲೆಯಲ್ಲಿ ಉಡುಪಿಗೂ ಲೈಸೆನ್ಸ್ ಬೇಕಾ?"